ಸಿಡುಬಿನ ಇತಿಹಾಸವೂ ದೇಹದ ಸ್ಮೃತಿಶಕ್ತಿಯೂ

ಎಲ್ಲ ಶರೀರಗಳೂ ವ್ಯಾಧಿಯನ್ನು ಸಮಾನವಾಗಿ ತಡೆಯಲಾರವೆಂಬ ಮಾತು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಬಂದಿರುವುದು. ಈ ತಡೆಯುವ ಶಕ್ತಿಗೆ ಅಲ್ಲಿ ವ್ಯಾಧಿಕ್ಷಮತ್ವವೆಂದು ಹೆಸರು. ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರನಾದ ಚಕ್ರಪಾಣಿದತ್ತನು ಇದನ್ನು ಎರಡಾಗಿ ವಿಂಗಡಿಸಿ, ಹುಟ್ಟಿದ ರೋಗದ ಬಲವನ್ನು ಎದುರಿಸುವುದು ಒಂದು, ರೋಗವು ಹುಟ್ಟದಂತೆಯೇ ಪ್ರತಿಬಂಧಿಸುವುದು ಇನ್ನೊಂದು ಎಂದು ವಿವರಿಸಿರುವನು. ಮೊದಲನೆಯದು ಪ್ರತಿಯೊಬ್ಬ ರೋಗಿಯಲ್ಲಿಯೂ ಕಾಣತಕ್ಕುದು. ಎರಡನೆಯದನ್ನು ಮನುಷ್ಯಪ್ರಯತ್ನದಿಂದ ಸಂಪಾದಿಸಬಹುದೆ ಎಂಬ ಪ್ರಶ್ನೆಗೆ ಉತ್ತರವು ದೊರೆತದ್ದು ಸಿಡುಬೆಂಬ ಘೋರವ್ಯಾಧಿಯ ದೆಸೆಯಿಂದ. ಆ ವೃತ್ತಾಂತದಲ್ಲಿ ನಮ್ಮ ಮೈಸೂರಿನ ಅರಮನೆಗೂ ಒಂದು ಸ್ಥಾನವುಂಟಾದುದರಿಂದ, ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆನು.

ಒಮ್ಮೆ ಬಂದು ಹೋದ ರೋಗವು ಮತ್ತೆ ಬಾರದೆಂಬುದನ್ನು ಜನರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಕ್ರಿಸ್ತಪೂರ್ವ 430ರಲ್ಲಿ ಅಥೆನ್ಸ್ ಪಟ್ಟಣವನ್ನು ಮಹಾಮಾರಿಯೊಂದು ಹೊಕ್ಕಾಗ, ರೋಗವನ್ನು ಅನುಭವಿಸಿ ಬದುಕಿದವರೇ ರೋಗಿಗಳ ಶುಶ್ರೂಷೆಗೆ ನಿಂತರೆಂದೂ, ಅವರಿಗೆ ಅದು ಎರಡನೆಯ ಸಲ ಪ್ರಾಣಾಂತಿಕವಾಗಿ ಬರಲಿಲ್ಲವೆಂದೂ ಥುಸಿಡಿಡೀಸನೆಂಬ ಇತಿಹಾಸಕಾರನು ಬರೆದಿರುವನು. ನಮ್ಮ ವೈದ್ಯರು ಸಿಡುಬನ್ನು ಮಸೂರಿಕಾ ಎಂದು ಕರೆದರು. ಅದರ ಗುಳ್ಳೆಗಳು ಮಸೂರದ ಬೇಳೆಯನ್ನು ಹೋಲುವುದರಿಂದ ಈ ಹೆಸರು. ಮಾಧವನಿದಾನದಲ್ಲಿ ಇದಕ್ಕೆ ಪ್ರತ್ಯೇಕವಾದ ಒಂದು ಅಧ್ಯಾಯವೇ ಇರುವುದು. ಸಾಮಾನ್ಯಜನರು ಇದನ್ನು ಮೈಲಿಬೇನೆಯೆಂದರು, ಅಮ್ಮನೆಂದರು, ಮಾರಿಗೆ ಹರಕೆ ಹೊತ್ತರು. ಹಿಡಿದ ನೂರು ಮಂದಿಯಲ್ಲಿ ಸುಮಾರು ಮೂವತ್ತು ಮಂದಿಯನ್ನು ಒಯ್ಯುತ್ತಿದ್ದ, ಉಳಿದವರಲ್ಲಿ ಎಷ್ಟೋ ಮಂದಿಯ ಕಣ್ಣನ್ನು ಕಳೆಯುತ್ತಿದ್ದ ಬೇನೆಯನ್ನು ದೇವತೆಯ ಕೋಪವೆಂದು ಭಾವಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಜನರು ಹರಕೆಯನ್ನು ಮಾತ್ರ ನಂಬಿ ಸುಮ್ಮನಿರಲಿಲ್ಲ. ಸೌಮ್ಯವಾಗಿ ಸಿಡುಬೆದ್ದವನ ಗುಳ್ಳೆಯಿಂದ ಕೀವನ್ನು ತೆಗೆದು ಆರೋಗ್ಯವಂತರ ತೋಳನ್ನು ಗೀರಿ ಸೇರಿಸುವ ಪದ್ಧತಿಯು ವಂಗದೇಶದಲ್ಲಿಯೂ ತುರ್ಕಿ ಮೊದಲಾದ ದೇಶಗಳಲ್ಲಿಯೂ ಬಹುಕಾಲದಿಂದ ನಡೆದುಬಂದಿದ್ದಿತು. ವಂಗದೇಶದಲ್ಲಿ ಬ್ರಾಹ್ಮಣರು ಋತುವನ್ನು ನೋಡಿ, ಪಥ್ಯವನ್ನು ವಿಧಿಸಿ ಈ ಕಾರ್ಯವನ್ನು ನಡೆಸುತ್ತಿದ್ದುದನ್ನು ಹಾಲ್ವೆಲ್ ಎಂಬ ಆಂಗ್ಲೇಯನು 1767ರಲ್ಲಿ ವರ್ಣಿಸಿರುವನು. ಕಾನ್‌ಸ್ಟಾಂಟಿನೋಪಲಿನಲ್ಲಿ ಇದನ್ನು ಕಂಡ ಮೇರಿ ಮಾಂಟೆಗ್ಯೂ ಎಂಬ ರಾಯಭಾರಿಯ ಪತ್ನಿಯು 1718ರಲ್ಲಿ ತನ್ನ ಮಗನಿಗೂ, 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಮಾಡಿಸಿದಳು. ಇದರಿಂದ ಉಂಟಾಗುವ ರೋಗವು ಸಾಮಾನ್ಯವಾಗಿ ಲಘುವಾಗಿರುತ್ತಿದ್ದರೂ ಅದು ನಿಜವಾದ ಸಿಡುಬೇ ಆಗಿರುತ್ತಿತ್ತು. ನೂರರಲ್ಲಿ ಒಬ್ಬಿಬ್ಬರು ಸಾಯುತ್ತಿದ್ದರು. ಅಲ್ಲದೆ ಅದು ನೆರೆಹೊರೆಗೆ ಹರಡುವ ಭಯವೂ ಇತ್ತು.

ಈ ದೋಷವನ್ನು ಕಳೆದವನು ಇಂಗ್ಲೆಂಡಿನ ಬರ್ಕ್ಲಿ ಎಂಬ ಊರಿನ ವೈದ್ಯನಾದ ಎಡ್ವರ್ಡ್ ಜೆನ್ನರ್. ಹಾಲು ಕರೆಯುವ ಹೆಂಗಸರ ಕೈಗೆ ಹಸುವಿನ ಕೆಚ್ಚಲಿನಿಂದ ಗೋಸಿಡುಬು ತಗಲಿದರೆ ಅವರಿಗೆ ಸಿಡುಬು ಬಾರದೆಂಬ ಮಾತು ಆ ಸೀಮೆಯ ಹಳ್ಳಿಗರಲ್ಲಿ ಪ್ರಚಾರದಲ್ಲಿತ್ತು. 1796ನೆಯ ಮೇ 14ರಂದು ಜೆನ್ನರನು ಸಾರಾ ನೆಲ್ಮ್ಸ್ ಎಂಬ ಗೊಲ್ಲತಿಯ ಕೈಗುಳ್ಳೆಯ ರಸವನ್ನು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಬಾಲಕನ ತೋಳಿಗೆ ಸೇರಿಸಿದನು. ಜುಲೈ ತಿಂಗಳಿನಲ್ಲಿ ಅದೇ ಬಾಲಕನಿಗೆ ನಿಜವಾದ ಸಿಡುಬಿನ ಕೀವನ್ನು ಹಾಕಿ ನೋಡಿದನು. ಬಾಲಕನಿಗೆ ರೋಗವು ಬರಲಿಲ್ಲ. 1798ರಲ್ಲಿ ಈ ವಿಷಯವಾದ ಗ್ರಂಥವು ಪ್ರಕಟವಾಯಿತು. ಲತೀನ್ ಭಾಷೆಯಲ್ಲಿ ಹಸುವಿಗೆ ವಾಕ್ಕಾ ಎಂದು ಹೆಸರು. ವ್ಯಾಕ್ಸೀನ್ ಎಂಬ ಶಬ್ದವು ಅದರಿಂದಲೇ ನಿಷ್ಪನ್ನವಾದುದು.

ಈ ರಸವನ್ನು ದೂರದೇಶಗಳಿಗೆ ಒಯ್ಯುವುದು ಸುಲಭವಾಗಿರಲಿಲ್ಲ. ಬಿಸಿಲಿಗೆ ಅದು ಬಲುಬೇಗ ಕೆಡುತ್ತಿದ್ದುದರಿಂದ, ಒಂದು ಮಗುವಿನ ತೋಳಿನಿಂದ ಮತ್ತೊಂದು ಮಗುವಿನ ತೋಳಿಗೆ ದಾಟಿಸುತ್ತ ಸರಪಣಿಯಂತೆ ಸಾಗಿಸಬೇಕಾಗಿದ್ದಿತು. 1803ರಲ್ಲಿ ಸ್ಪೇನ್ ದೇಶದಿಂದ ಅಮೆರಿಕಕ್ಕೆ ಹೊರಟ ಹಡಗಿನಲ್ಲಿ ಇದಕ್ಕಾಗಿಯೇ 22 ಮಂದಿ ಅನಾಥಬಾಲಕರನ್ನು ಏರಿಸಿಕೊಂಡು ಹೋದರು. ಭರತಖಂಡಕ್ಕೆ ಇದು ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಬಂದು ಮುಂಬಯಿಯನ್ನು ಮುಟ್ಟಿತು. 1802ನೆಯ ಜೂನ್ 14ರಂದು ಅಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಹಾಕಿದುದೇ ಈ ದೇಶದ ಪ್ರಥಮಪ್ರಯೋಗವು. ಮುಂದೆ ದೇಶದ ನಾನಾ ಭಾಗಗಳಿಗೆ ಹರಡಿದ ರಸಕ್ಕೆ ಆ ಶಿಶುವಿನ ತೋಳೇ ಮೂಲಸ್ಥಾನವಾಯಿತು. ಹೀಗೆ ತೋಳನ್ನು ಒಡ್ಡಿದ ಮಕ್ಕಳಲ್ಲಿ ಬಹುಮಂದಿ ಬಡವರು, ಅನಾಥರು. ಅವರ ಒಪ್ಪಿಗೆಯನ್ನು ಕೇಳಿದವರಿಲ್ಲ. ಅವರಲ್ಲಿ ಬಹುಪಾಲು ಮಂದಿಯ ಹೆಸರನ್ನು ಬರೆದಿಟ್ಟವರೂ ಇಲ್ಲ. ಜೆನ್ನರನಿಗೆ ಸಲ್ಲಿಸುವ ಗೌರವದಲ್ಲಿ ಈ ಮಕ್ಕಳಿಗೂ ಪಾಲುಂಟೆಂಬುದನ್ನು ವಾಚಕಮಹಾಶಯರು ಮರೆಯಬಾರದು.

ಹಸುವಿನ ರೋಗವನ್ನು ಮನುಷ್ಯನಿಗೆ ಹಾಕುವುದು, ಅದನ್ನೂ ಯಾವ ಜಾತಿಯೆಂದು ತಿಳಿಯದ ಶಿಶುವಿನ ಮೈಯಿಂದ ತೆಗೆದು ಹಾಕುವುದು, ಜನರಿಗೆ ಸುಲಭವಾಗಿ ಒಪ್ಪಿಗೆಯಾಗತಕ್ಕ ವಿಷಯವಾಗಿರಲಿಲ್ಲ. ಹಳೆಯ ಪದ್ಧತಿಯಿಂದ ಜೀವಿಸುತ್ತಿದ್ದವರ ವೃತ್ತಿಗೂ ಇದರಿಂದ ಹಾನಿಯಿದ್ದಿತು. ಇಂಥ ಕಾಲದಲ್ಲಿ, ಎಂದರೆ 1805ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರನ್ನು ವರಿಸಲು ದೇವಾಜಮ್ಮಣ್ಣಿಯೆಂಬ ಸುಮಾರು ಹನ್ನೆರಡು ವರ್ಷದ ಕನ್ಯೆಯು ಮೈಸೂರಿನ ಅರಮನೆಗೆ ಬಂದಳು. ಅದೇ ಕಾಲದಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಒಂದು ಪಟದಲ್ಲಿ ಮೂವರು ಸ್ತ್ರೀಯರಿರುವರು. ಬಹುಕಾಲ ಇವರನ್ನು ನರ್ತಕಿಯರೆಂದು ತಿಳಿದಿದ್ದರು. ಕೇಂಬ್ರಿಡ್ಜಿನ ಇತಿಹಾಸಜ್ಞನಾದ ನೈಜೆಲ್ ಚಾನ್ಸೆಲರನ ಅಭಿಪ್ರಾಯದಂತೆ, ಬಲಗಡೆಯಲ್ಲಿರುವವಳು ದೇವಾಜಮ್ಮಣ್ಣಿ. ಸೀರೆಯ ಸೆರಗನ್ನು ಸರಿಸಿ ಆಕೆಯು ಎಡದೋಳನ್ನು ತೋರಿಸುತ್ತಿರುವುದು ದೇವಿ ಹಾಕಿದ ಸ್ಥಳವನ್ನು ಸೂಚಿಸುವುದಕ್ಕಾಗಿ. ಎಡಗಡೆಯಲ್ಲಿರುವವಳು ಅದೇ ಹೆಸರಿನ ಹಿರಿಯ ರಾಣಿ. ಆಕೆಯ ಮೂಗುಬಾಯಿಗಳ ಸುತ್ತಲಿನ ವರ್ಣಭೇದವು ಹಳೆಯ ಪದ್ಧತಿಯ ಕುರುಹು. ನಡುವಿನಲ್ಲಿರುವವರು ಲಕ್ಷ್ಮಮ್ಮಣ್ಣಿಯವರು. ಪಟದ ವಿಷಯದಲ್ಲಿ ಇದು ಅನುಮಾನಪ್ರಮಾಣವೇ ಹೊರತು ಪ್ರತ್ಯಕ್ಷವಲ್ಲ. ಆದರೆ ಕಿರಿಯ ರಾಣಿಯು ಹಾಕಿಸಿಕೊಂಡುದನ್ನು ಕಂಡು ಜನರೂ ಮುಂದೆ ಬಂದರೆಂಬ ಅಭಿಪ್ರಾಯವನ್ನು 1806ನೆಯ ಜುಲೈ ತಿಂಗಳ ದಾಖಲೆಯೊಂದರಿಂದಲೂ ಆತನು ಸಮರ್ಥಿಸಿರುವನು. ನೂರು ಉಪದೇಶಗಳಿಂದಾಗದ ಕಾರ್ಯವು ಅರಮನೆಯ ಒಂದು ನಿದರ್ಶನದಿಂದ ಆಗಿರುವುದು ಸಂಭವನೀಯವೇ ಸರಿ.

ಇಲ್ಲಿ ಸಂಸ್ಕೃತಾಭಿಮಾನಿಗಳು ಗಮನಿಸಬೇಕಾದ ಸಂಗತಿಯೊಂದುಂಟು. ಹಸುವಿನ ಕೆಚ್ಚಲಿನ ಗುಳ್ಳೆಯ ರಸವನ್ನು ತೋಳಿಗೆ ಹಾಕುವ ವಿಧಿಯು ಧನ್ವಂತರಿಯ ಗ್ರಂಥದಲ್ಲಿಯೇ ಇದೆಯೆಂಬ ವದಂತಿಯು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಮದರಾಸಿನ ಕಡೆಯಿಂದ ಹೊರಟು ಯೂರೋಪಿನವರೆಗೂ ಹರಡಿತು. ಇಂದಿಗೂ ಅದನ್ನು ಹೆಮ್ಮೆಯಿಂದ ಉದಾಹರಿಸುವವರುಂಟು. ವಿದ್ವಾಂಸರು ಪರಿಶೋಧಿಸಲಾಗಿ ಅಂಥ ವಚನವು ಪ್ರಾಚೀನವಾದ ಯಾವ ಆಯುರ್ವೇದಗ್ರಂಥದಲ್ಲಿಯೂ ದೊರೆಯಲಿಲ್ಲ. ಹೊಸ ಪದ್ಧತಿಯಲ್ಲಿ ಜನರಿಗೆ ವಿಶ್ವಾಸವು ಹುಟ್ಟಲೆಂದು ಸದುದ್ದೇಶದಿಂದಲೇ ಇದನ್ನು ಕಲ್ಪಿಸಿರಬಹುದು. ಉದ್ದೇಶವು ಒಳ್ಳೆಯದಾದ ಮಾತ್ರಕ್ಕೆ ಅಪ್ರಮಾಣವು ಪ್ರಮಾಣವಾಗಲಾರದು. ಕೀವನ್ನು ಹಾಕುವ ಪದ್ಧತಿಯು ಈ ದೇಶದಲ್ಲಿದ್ದುದು ನಿಜ. ವ್ಯಾಧಿಕ್ಷಮತ್ವದ ವಿಚಾರವೂ ಇದ್ದುದು ನಿಜ. ನಮ್ಮ ಹಿರಿಯರ ಕೀರ್ತಿಗೆ ಅಷ್ಟು ಸಾಕು; ಕೃತಕವಾದ ಶ್ಲೋಕದ ಊರುಗೋಲು ಅವರಿಗೆ ಬೇಕಾಗಿಲ್ಲ.

ಜೆನ್ನರನಿಗೆ ಫಲವು ತಿಳಿದಿತ್ತೇ ಹೊರತು ಕಾರಣವು ತಿಳಿದಿರಲಿಲ್ಲ. ದೇಹವು ಒಮ್ಮೆ ಕಂಡ ಶತ್ರುವನ್ನು ಎಷ್ಟು ಕಾಲ ನೆನಪಿಟ್ಟುಕೊಳ್ಳುವುದೆಂಬುದಕ್ಕೆ ಫಾರೋ ದ್ವೀಪಗಳಲ್ಲಿ ಆಶ್ಚರ್ಯಕರವಾದ ಪ್ರಮಾಣವು ದೊರೆಯಿತು. ಉತ್ತರ ಅಟ್ಲಾಂಟಿಕ್ ಸಾಗರದ ಆ ದ್ವೀಪಗಳಿಗೆ 1781ರಲ್ಲಿ ದಡಾರವು ಬಂದು ಹೋಗಿ, ಮತ್ತೆ 1846ರ ವರೆಗೆ ಬರಲಿಲ್ಲ. ಎರಡನೆಯ ಸಲ ಬಂದಾಗ ಸುಮಾರು 7,800 ನಿವಾಸಿಗಳಲ್ಲಿ 6,000 ಮಂದಿ ಮಲಗಿದರು. ಆದರೆ 65 ವರ್ಷಗಳ ಹಿಂದೆ ಬಾಲ್ಯದಲ್ಲಿ ದಡಾರವನ್ನು ಅನುಭವಿಸಿದ್ದ ವೃದ್ಧರಲ್ಲಿ ಒಬ್ಬರಿಗೂ ಅದು ಬರಲಿಲ್ಲವೆಂದು ಅಲ್ಲಿಗೆ ಹೋಗಿದ್ದ ಪೀಟರ್ ಪಾನುಮ್ ಎಂಬ ತರುಣವೈದ್ಯನು ದಾಖಲೆಮಾಡಿರುವನು. ತಮ್ಮ ಬಾಲ್ಯವೃತ್ತಾಂತವನ್ನೇ ಮರೆತಿದ್ದಿರಬಹುದಾದ ಮುದುಕರ ದೇಹಗಳು ದಡಾರವನ್ನು ಮಾತ್ರ ಮರೆತಿರಲಿಲ್ಲ.

ಈ ಸ್ಮೃತಿಯು ಎಲ್ಲಿರುವುದೆಂದು ಕ್ರಮವಾಗಿ ತಿಳಿದುಬಂದಿತು. 1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಮೆಚ್ನಿಕೋಫ್ ಎಂಬ ರಷ್ಯದ ವಿಜ್ಞಾನಿಯು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಮೈಗೆ ಮುಳ್ಳನ್ನು ಚುಚ್ಚಿ ನೋಡಲು, ಮರುದಿನ ಸಂಚಾರಿಕಣಗಳು ಆ ಮುಳ್ಳನ್ನು ಮುತ್ತಿಕೊಂಡಿದ್ದವು. ಪರಶತ್ರುವನ್ನು ನುಂಗುವ ಇಂಥ ಕಣಗಳು ನಮ್ಮ ರಕ್ತದಲ್ಲಿಯೂ ಉಂಟು. 1890ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ಎಂಬವರು, ಧನುರ್ವಾಯುವಿನ ವಿಷಕ್ಕೆ ಪಳಗಿದ ಪ್ರಾಣಿಯ ರಕ್ತದ ರಸವು ಬೇರೆ ಪ್ರಾಣಿಯನ್ನೂ ರಕ್ಷಿಸುವುದೆಂದು ತೋರಿಸಿದರು. ಕಾಪಾಡುವುದು ಕಣವೋ ರಸವೋ ಎಂದು ವಿದ್ವಾಂಸರಲ್ಲಿ ಬಹಳ ವಾದವು ನಡೆಯಿತು. 1908ರಲ್ಲಿ ಕಣವಾದಿಯಾದ ಮೆಚ್ನಿಕೋಫನಿಗೂ ರಸವಾದಿಯಾದ ಎರ್ಲಿಕನಿಗೂ ನೊಬೆಲ್ ಪಾರಿತೋಷಕವನ್ನು ಹಂಚಿಕೊಟ್ಟರು. ಎರಡು ಪಕ್ಷಗಳೂ ಸತ್ಯವೆಂದು ಕಾಲವು ತೀರ್ಮಾನಿಸಿತು.

ಈಗ ತಿಳಿದಿರುವ ಕ್ರಮವು ಹೀಗಿದೆ. ಚರ್ಮವು ಮೊದಲ ಕೋಟೆ. ಅದನ್ನು ದಾಟಿದ ಶತ್ರುವನ್ನು ನುಂಗುವ ಕಣಗಳು ಎದುರಿಸುವವು. ಕೆಲವು ಕಣಗಳು ಶತ್ರುವಿನ ಅಂಶವನ್ನು ಹೊತ್ತು ಕಂಕುಳು ಮೊದಲಾದ ಕಡೆಗಳಲ್ಲಿರುವ ಗ್ರಂಥಿಗಳಿಗೆ ಒಯ್ಯುವವು. ಅಲ್ಲಿ ಲಿಂಫೋಸೈಟುಗಳೆಂಬ ಬಿಳಿಯ ಕಣಗಳು ಅಸಂಖ್ಯವಾಗಿದ್ದು, ಒಂದೊಂದೂ ಒಂದೊಂದು ಆಕಾರವನ್ನು ಮಾತ್ರ ಗುರುತಿಸಬಲ್ಲುದು. ಬಂದ ಶತ್ರುವಿಗೆ ಯಾವುದು ಹೊಂದುವುದೋ ಅದು ಮಾತ್ರ ವೃದ್ಧಿಯಾಗಿ ಸೈನ್ಯವಾಗುವುದು. 1957ರಲ್ಲಿ ಬರ್ನೆಟ್ ಎಂಬವನು ಪ್ರತಿಪಾದಿಸಿದ ಮತವಿದು. ಆ ಸೈನ್ಯದಲ್ಲಿ ಕೆಲವು ಕಣಗಳು ಪ್ರತಿಕಾಯಗಳೆಂಬ ದ್ರವ್ಯವನ್ನು ಸುರಿಸುವವು. ಕೆಲವು, ರೋಗವು ಹೊಕ್ಕ ಜೀವಕೋಶಗಳನ್ನೇ ಕೊಲ್ಲುವವು. ಯುದ್ಧವು ಮುಗಿದ ಮೇಲೆ ಬಹುಪಾಲು ಕಣಗಳು ಅಳಿದು, ಕೆಲವು ಮಾತ್ರ ಸ್ಮೃತಿಕಣಗಳಾಗಿ ಉಳಿಯುವವು. ಮೊದಲ ಸಲ ಈ ಸನ್ನಾಹಕ್ಕೆ ವಾರಗಟ್ಟಲೆ ಕಾಲ ಬೇಕು. ಎರಡನೆಯ ಸಲ ಕೆಲವೇ ದಿನಗಳು ಸಾಕು. ಗೋಸಿಡುಬು ಸಿಡುಬಿಗೆ ದಾಯಾದಿಯಾದುದರಿಂದ, ಒಂದನ್ನು ಕಂಡ ಕಣಗಳು ಇನ್ನೊಂದನ್ನೂ ಗುರುತಿಸುವವು. ಇದೇ ಜೆನ್ನರನ ಪ್ರಯೋಗದ ರಹಸ್ಯ.

ಭಾರತದಲ್ಲಿ 1974ರಲ್ಲಿ 1,80,000ಕ್ಕೂ ಮೀರಿ ಜನರಿಗೆ ಸಿಡುಬು ಬಂದಿತು. ರೋಗಿಯಿದ್ದ ಪ್ರತಿಯೊಂದು ಮನೆಯನ್ನೂ ಹುಡುಕಿ, ಸುತ್ತಲಿನವರಿಗೆಲ್ಲ ಕವಲುಮೊನೆಯ ಸೂಜಿಯಿಂದ ದೇವಿ ಹಾಕುತ್ತ ನಡೆದ ಕೆಲಸಗಾರರ ಶ್ರಮದಿಂದ, 1975ನೆಯ ಮೇ ತಿಂಗಳ ತರುವಾಯ ಈ ದೇಶದಲ್ಲಿ ಅದು ಕಾಣಲಿಲ್ಲ. 1977ರಲ್ಲಿ ಸೊಮಾಲಿಯಾದಲ್ಲಿ ಸ್ವಾಭಾವಿಕವಾದ ಕಡೆಯ ರೋಗಿಯು ಕಂಡುಬಂದು ಗುಣಹೊಂದಿದನು. 1980ನೆಯ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯು ಲೋಕವು ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು.

ಈಗಿನ ಮಕ್ಕಳು ಸಿಡುಬಿನ ಕಲೆಯ ಮುಖವನ್ನು ಕಂಡವರಲ್ಲ. ಕಾಣದ ರೋಗಕ್ಕೆ ಭಯವಿಲ್ಲ. ಭಯವಿಲ್ಲದ ಕಡೆ ಉಪೇಕ್ಷೆಯು ಬಂದು ಸೇರುವುದು. ದಡಾರ ಮೊದಲಾದ ರೋಗಗಳು ಇನ್ನೂ ಲೋಕದಲ್ಲಿರುವುವೆಂಬುದನ್ನು ಮರೆತು, ಲಸಿಕೆ ಏತಕ್ಕೆಂದು ಕೇಳುವ ವಿದ್ಯಾವಂತರು ಈಗಲೂ ಉಂಟು. ಅಂಥವರು ಒಂದು ಸಲ ಆ ಮೈಸೂರಿನ ಚಿತ್ರಪಟವನ್ನು ನೋಡಲಿ. ಸೆರಗನ್ನು ಸರಿಸಿದ ಆ ಬಾಲೆಯ ತೋಳಿನಲ್ಲಿ ಅವರ ಪ್ರಶ್ನೆಗೆ ಉತ್ತರವಿರುವುದು. ದೇಹವು ತಾನು ಕಂಡುದನ್ನು ಮರೆಯದು. ಜನಸಮುದಾಯದ ಸ್ಮೃತಿಯನ್ನು ಕಾಯುವ ಹೊಣೆಯು ಮಾತ್ರ ಹಿರಿಯರದು, ಗ್ರಂಥಗಳದು, ಮನೆಮನೆಯಲ್ಲಿ ಮಕ್ಕಳಿಗೆ ಹೇಳುವ ಮಾತಿನದು.