ಕೀಲೆಣ್ಣೆಯಿಂದ ಎಂಜಿನ್ ಎಣ್ಣೆಗೆ

ಗುಫೂಲ್‌ನ ಮನೆಯಂಗಳದಲ್ಲಿ ಹಳೆಯ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರಿನ ಎಣ್ಣೆ ಬದಲಿಸುವಾಗಲೆಲ್ಲ ನಮಗೆ ನೆನಪಾಗುವುದು ಎತ್ತಿನ ಗಾಡಿಯ ಕೀಲೆಣ್ಣೆ. ನಮ್ಮ ರೈತರು ಗಾಡಿಯ ಅಚ್ಚಿಗೆ ಸವರುತ್ತಿದ್ದ ಹರಳೆಣ್ಣೆಯೇ ಒಂದು ಕಾಲದಲ್ಲಿ ಪಂದ್ಯದ ಕಾರುಗಳ ಎಂಜಿನ್ನುಗಳನ್ನೂ ಸವೆತದಿಂದ ಕಾಪಾಡಿತು. ಚಾರ್ಲ್ಸ್ ವೇಕ್‌ಫೀಲ್ಡ್ ಅವರ ಸಂಸ್ಥೆ 1909ರಲ್ಲಿ ಹರಳೆಣ್ಣೆ ಬೆರೆಸಿದ ತೈಲವನ್ನು ಹೊರತಂದಿತು. ‘ಕ್ಯಾಸ್ಟರ್’ನಿಂದಲೇ ‘ಕ್ಯಾಸ್ಟ್ರಾಲ್’ ಎಂಬ ಹೆಸರು. ಮೊದಲ ಮಹಾಯುದ್ಧದಲ್ಲಿ, ಎಂಜಿನ್ ಉಗುಳಿದ ಈ ಎಣ್ಣೆಯ ತುಂತುರನ್ನು ನುಂಗಿ ವಿಮಾನ ಚಾಲಕರಿಗೆ ಭೇದಿಯಾಗುತ್ತಿತ್ತೆಂಬ ಮಾತಿದೆ. ವೈದ್ಯರಾದ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ!

ಬಿಸಿಯಲ್ಲೂ ಲೋಹವನ್ನು ಬಿಡದೆ ಹಿಡಿದಿರುವುದು ಹರಳೆಣ್ಣೆಯ ಗುಣ. ನಿಂತಲ್ಲೇ ಅಂಟಾಗಿ ಗಟ್ಟಿಯಾಗುವುದು ಅವಗುಣ. ಕ್ರಮೇಣ ಖನಿಜತೈಲ ಅದರ ಸ್ಥಾನವನ್ನು ಪಡೆಯಿತು. ಆ ಖನಿಜತೈಲ ಈ ದ್ವೀಪದಲ್ಲಿ ಜೆಬೆಲ್ ದುಖಾನ್ ಬಳಿ 1932ರಲ್ಲಿ ದೊರೆಯಿತು. 1936ರಲ್ಲಿ ಸಂಸ್ಕರಣಾಗಾರವೂ ಆರಂಭವಾಯಿತು.

ಹಳೆಯ ಪರಿಮಳದ ಮೋಹಕ್ಕೆ ಖನಿಜತೈಲವಿರುವ ಎಂಜಿನ್ನಿಗೆ ಹರಳೆಣ್ಣೆ ಸುರಿಯಬಾರದು. ಅವೆರಡೂ ಸರಿಯಾಗಿ ಬೆರೆಯುವುದಿಲ್ಲ. ಎಂಜಿನ್ ಬೆಚ್ಚಗಿರುವಾಗಲೇ ಹಳೆಯ ಎಣ್ಣೆಯನ್ನು ಬಸಿದು, ಫಿಲ್ಟರ್ ಬದಲಿಸಿ, 20ಡಬ್ಲ್ಯು-50 ತುಂಬಿದರಾಯಿತು. ಕೈಗವಸು ಮಾತ್ರ ಕಡ್ಡಾಯ: ಬಳಸಿದ ಎಂಜಿನ್ ಎಣ್ಣೆ ವರ್ಷಗಟ್ಟಲೆ ತಾಗುತ್ತಿದ್ದರೆ ಚರ್ಮದ ಕ್ಯಾನ್ಸರಿನ ಅಪಾಯವುಂಟು. ಬಸಿದುದನ್ನು ಮರಳಿಗೆ ಚೆಲ್ಲದೆ, ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಸ್ವೀಕರಿಸುವ ಗ್ಯಾರೇಜಿಗೆ ಒಪ್ಪಿಸಿರಿ.