ಆಟದೊಳಗಣ ಗಡಿಯಾರ

ಮನೆಯ ಹುಡುಗರು ಕಂಪ್ಯೂಟರಿನ ಮುಂದೆ ಕುಳಿತು ‘ಫ್ರೇಮ್ ರೇಟ್ ಸಾಲದು’ ಎಂದು ಗೊಣಗುವುದನ್ನು ನೀವು ಕೇಳಿರಬಹುದು. ಅದೇನೂ ಮಂತ್ರವಲ್ಲ. ತೆರೆಯ ಮೇಲಿನ ಕುದುರೆ ನಿಜವಾಗಿ ಓಡುವುದಿಲ್ಲ. ಒಂದಾದಮೇಲೊಂದು ಬರುವ ನಿಶ್ಚಲ ಚಿತ್ರಗಳನ್ನು ನಮ್ಮ ಕಣ್ಣು ಓಟವೆಂದು ತಿಳಿಯುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು; ಆಟಗಳಲ್ಲಿ 30, 60, ಕೆಲವೊಮ್ಮೆ ಅದಕ್ಕೂ ಹೆಚ್ಚು. ಚಿತ್ರಗಳು ಹೆಚ್ಚಿದಷ್ಟೂ ಚಲನೆ ನಯವಾಗುತ್ತದೆ. ಹಾಗಿದ್ದಮೇಲೆ ಆಟ ಕಟ್ಟಿದವರು ‘ಇಷ್ಟೇ ಸಾಕು’ ಎಂದು ಮಿತಿ ಹಾಕುವುದೇಕೆ? ಜಿಪುಣತನವೆ?

ಸಿನಿಮಾದ ಚಿತ್ರಗಳು ಮೊದಲೇ ತೆಗೆದಿಟ್ಟವು. ಆಟದಲ್ಲಾದರೋ ಪ್ರತಿಯೊಂದು ಚಿತ್ರವನ್ನೂ ಯಂತ್ರವು ಆ ಕ್ಷಣದಲ್ಲೇ ಲೆಕ್ಕ ಹಾಕಿ ಬರೆಯಬೇಕು. ಹೀಗೆ ಬರೆಯುವ ಲಯವೇ ಬಹುಕಾಲ ಆಟದ ಗಡಿಯಾರವೂ ಆಗಿತ್ತು.

1978ರಲ್ಲಿ ಜಪಾನಿನ ಟೈಟೊ ಕಂಪೆನಿಯ ತೊಮೊಹಿರೊ ನಿಶಿಕಾದೊ ಅವರು ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟವನ್ನು ಕಟ್ಟಿದರು. ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಅನ್ಯಲೋಕದ ಜೀವಿಗಳು ಮೇಲಿನಿಂದ ಇಳಿದು ಬರುತ್ತವೆ. ತೆರೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಜೀವಿಯನ್ನು ಸರಿಸುವಷ್ಟು ಮಾತ್ರ ಆ ಬಡ ಯಂತ್ರದ ತ್ರಾಣ. 55 ಜೀವಿಗಳೂ ಒಂದು ಹೆಜ್ಜೆ ಇಡಬೇಕಾದರೆ ಸುಮಾರು ಒಂದು ಸೆಕೆಂಡು ಬೇಕು. ಆಟಗಾರ ಅರ್ಧವನ್ನು ಕೊಂದನೆನ್ನಿ, ಉಳಿದವುಗಳ ಸರದಿ ಎರಡರಷ್ಟು ಬೇಗ ಬರುತ್ತದೆ. ಕೊನೆಗೆ ಉಳಿದ ಒಂದೇ ಒಂದು ಜೀವಿ ಸೆಕೆಂಡಿಗೆ 60 ಹೆಜ್ಜೆ ಹಾಕಿ ಹುಚ್ಚೆದ್ದು ಓಡುತ್ತದೆ! ಗೆಲುವು ಹತ್ತಿರವಾದಂತೆ ಎದೆ ಡವಗುಟ್ಟಿಸುವ ಈ ವೇಗವನ್ನು ಯಾರೂ ಯೋಜಿಸಿರಲಿಲ್ಲ. ಯಂತ್ರದ ಬಡತನದಿಂದ ಹುಟ್ಟಿದ ಆ ಸೊಗಸನ್ನು ನಿಶಿಕಾದೊ ಕಂಡು, ಇರಲಿ ಎಂದು ಹಾಗೆಯೇ ಬಿಟ್ಟರು. ಜಾಣತನವೆಂದರೆ ಇದು.

ಎಲ್ಲರಿಗೂ ಈ ಅದೃಷ್ಟವಿರಲಿಲ್ಲ. ಜಪಾನು, ಅಮೆರಿಕಗಳ ಟೆಲಿವಿಷನ್ ಸೆಕೆಂಡಿಗೆ 60ರ ಲಯದ್ದು. ಯೂರೋಪಿನದು, ನಮ್ಮ ಭಾರತದ್ದೂ ಸಹ, 50ರದು. 1991ರ ‘ಸೋನಿಕ್’ ಆಟ ಯೂರೋಪಿಗೆ ಬಂದಾಗ ಆರರಲ್ಲೊಂದು ಪಾಲು ವೇಗ ಕಳೆದುಕೊಂಡಿತು. ಓಟವೇ ಕಸುಬಾದ ಮುಳ್ಳುಹಂದಿ ಕುಂಟಿತು. ಅದರ ಸಂಗೀತವೂ ಎಳೆದಾಡಿತು.

ಐ.ಬಿ.ಎಂ. ಕಂಪೆನಿಯ 1981ರ ಕಂಪ್ಯೂಟರಿನ ವೇಗವನ್ನೇ ಕಾಲಮಾನವಾಗಿ ನಂಬಿದ ಆಟಗಳದು ಇದಕ್ಕೆ ವಿರುದ್ಧವಾದ ಪಾಡು. ಹೆಚ್ಚು ಚುರುಕಾದ ಯಂತ್ರಗಳು ಬಂದವು. ಆಟಗಳು ಕಣ್ಣಿಗೆ ನಿಲುಕದಂತೆ ಓಡತೊಡಗಿದವು. ಪರಿಹಾರಕ್ಕೆಂದು ಕಂಪ್ಯೂಟರಿನ ಮುಖದ ಮೇಲೆ ‘ಟರ್ಬೊ’ ಎಂಬ ಗುಂಡಿ ಬಂತು. ಹೆಸರು ಕೇಳಿದರೆ ವೇಗ. ಅದರ ನಿಜವಾದ ಉಪಯೋಗ ಯಂತ್ರವನ್ನು ಬೇಕೆಂದಾಗ ನಿಧಾನಗೊಳಿಸುವುದು!

ಗಡಿಯಾರವನ್ನೂ ಚಿತ್ರವನ್ನೂ ಬೇರ್ಪಡಿಸಿದರೆ ಹೇಗೆ? 1993ರ ‘ಡೂಮ್’ ಆಟದಲ್ಲಿ ಕಾಲ ಸೆಕೆಂಡಿಗೆ 35 ಬಡಿತದಂತೆ ನಡೆಯುತ್ತಿತ್ತು. ಅಂದಿನ ತೆರೆ 70 ಸಲ ಹೊಸದಾಗುತ್ತಿತ್ತು. ಅದರ ಅರ್ಧ ಇದು. ಯಂತ್ರ ಮಂದವಾದರೆ ಚಿತ್ರಗಳು ಕಡಿಮೆಯಾದಾವು, ಆದರೆ ಶತ್ರುವಿನ ನಡಿಗೆ ನಿಧಾನವಾಗದು. ಯಂತ್ರ ಎಷ್ಟೇ ಚುರುಕಾದರೂ 35ನ್ನು ಮೀರಲಾಗದು. ನಾಲ್ವರು ನಾಲ್ಕು ಯಂತ್ರಗಳಲ್ಲಿ ಒಟ್ಟಿಗೆ ಆಡುವಾಗ ಎಲ್ಲರ ಕಾಲವೂ ಹೆಜ್ಜೆಗೆ ಹೆಜ್ಜೆ ಕೂಡಿ ಬರಬೇಕಷ್ಟೆ. ಒಬ್ಬನ ಗಡಿಯಾರ ಮುಂದೋಡಿದರೆ ಅವನು ಕೊಂದ ರಾಕ್ಷಸ ಇನ್ನೊಬ್ಬನ ತೆರೆಯಲ್ಲಿ ಬದುಕಿರುತ್ತಾನೆ.

ಇಷ್ಟು ಪಾಠವಾದ ಮೇಲೂ ಹಳೆಯ ಗಂಟು ಪೂರ್ತಿ ಬಿಚ್ಚಲಿಲ್ಲ. 2014ರಲ್ಲಿ ಬಂದ ‘ಡಾರ್ಕ್ ಸೋಲ್ಸ್’ ಎರಡನೆಯ ಆಟದಲ್ಲಿ, ಕಂಪ್ಯೂಟರಿನ ಮೇಲೆ 60 ಚಿತ್ರಗಳ ನಯದಲ್ಲಿ ಆಡಿದವರು ಒಂದು ವಿಚಿತ್ರವನ್ನು ಕಂಡರು. ಅವರ ಕತ್ತಿಗಳು, 30 ಚಿತ್ರಗಳಲ್ಲಿ ಆಡುವವರ ಕತ್ತಿಗಳಿಗಿಂತ ಸುಮಾರು ಎರಡರಷ್ಟು ಬೇಗ ಸವೆದು ಮುರಿಯುತ್ತಿದ್ದವು. ಸವಕಳಿಯ ಲೆಕ್ಕ ಚಿತ್ರಗಳ ಎಣಿಕೆಗೆ ಗಂಟುಬಿದ್ದಿತ್ತು. ಕತ್ತಿಗೆ ತನ್ನ ಆಯುಷ್ಯ ಮರಳಿ ಸಿಕ್ಕಿದ್ದು 2015ರ ತಿದ್ದುಪಡಿ ಬಂದ ಮೇಲೆಯೇ.