ಪೋಪನ ಎದುರು ಇಪ್ಪತ್ತು ಮಾತು: ವೆತ್ತೋರಿ–ಮ್ಯಾಕಿಯವೆಲ್ಲಿ ಪತ್ರಗಳು, 1513–15

ನಿಕೊಲೊ ಮ್ಯಾಕಿಯವೆಲ್ಲಿ 1513ರ ಡಿಸೆಂಬರ್ 10ರಂದು ಬರೆದ ಪತ್ರ ರಾಜ್ಯಶಾಸ್ತ್ರ ಓದಿದವರಿಗೆಲ್ಲ ಪರಿಚಿತ. 'ಪ್ರಿನ್ಸ್' ಕೃತಿಯ ಸುದ್ದಿ ಮೊದಲು ಸಿಗುವುದು ಅದರಲ್ಲೇ. ಮೂಲಪ್ರತಿ ಉಳಿದಿಲ್ಲ, ಮೊಮ್ಮಗ ಜೂಲಿಯಾನೊ ದೆ ರಿಚ್ಚಿ ಮಾಡಿಟ್ಟ ನಕಲಿನಿಂದ ಅದು ನಮ್ಮವರೆಗೆ ಬಂದಿದೆ. ಈ ಪತ್ರವನ್ನು ಬಿಡಿಯಾಗಿ ಓದುವ ರೂಢಿ ಎಷ್ಟು ಬಲವಾಗಿದೆಯೆಂದರೆ, ಅದೊಂದು ಉತ್ತರ ಎಂಬುದೇ ಮರೆತುಹೋಗುತ್ತದೆ. ಹದಿನೇಳು ದಿನ ಮೊದಲು, ನವೆಂಬರ್ 23ರಂದು, ರೋಮ್‌ನಲ್ಲಿದ್ದ ಫ್ಲಾರೆನ್ಸಿನ ರಾಯಭಾರಿ ಫ್ರಾನ್ಚೆಸ್ಕೊ ವೆತ್ತೋರಿ ತನ್ನ ದಿನಚರಿ ಬರೆದು ಕಳಿಸಿದ್ದ. ಅದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಡಿಸೆಂಬರಿನ ಪತ್ರ ಪೂರ್ತಿ ಅರ್ಥವಾಗದು ಎಂಬುದು ಈ ಲೇಖನದ ವಾದ.

ಇಬ್ಬರ ಗೆಳೆತನ ಬಲಿತದ್ದು 1507–08ರಲ್ಲಿ, ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಬಳಿಗೆ ಹೋದ ನಿಯೋಗದಲ್ಲಿ. 1512ರಲ್ಲಿ ಮೆದಿಚಿ ಮನೆತನ ಫ್ಲಾರೆನ್ಸಿಗೆ ಮರಳಿದಾಗ ಮ್ಯಾಕಿಯವೆಲ್ಲಿಯ ಹದಿನಾಲ್ಕು ವರ್ಷಗಳ ಕಾರ್ಯದರ್ಶಿ ಹುದ್ದೆ ಹೋಯಿತು. ಮರುವರ್ಷ ಪಿತೂರಿಯ ಅನುಮಾನದ ಮೇಲೆ ಸೆರೆಮನೆ, ಹಗ್ಗದ ಚಿತ್ರಹಿಂಸೆ. ಅದೇ ಮೆದಿಚಿ ಮನೆತನದವನು ಮಾರ್ಚಿನಲ್ಲಿ ಹತ್ತನೇ ಲಿಯೋ ಎಂಬ ಹೆಸರಿನಲ್ಲಿ ಪೋಪ್ ಆದ. ಆ ಸಂಭ್ರಮದ ಕ್ಷಮಾದಾನದಲ್ಲಿ ಬಿಡುಗಡೆ ಸಿಕ್ಕಿತು. ವೆತ್ತೋರಿ ಇದ್ದದ್ದು ಆ ಪೋಪನ ಆಸ್ಥಾನದಲ್ಲಿ.

ವೆತ್ತೋರಿಯ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಲೆಕ್ಕ. ಎರಡು ಮೂರು ದಿನಕ್ಕೊಮ್ಮೆ ಅರಮನೆಗೆ ಹೋಗುತ್ತಾನೆ. ಪೋಪನೊಂದಿಗೆ ಇಪ್ಪತ್ತು ಮಾತು, ಕಾರ್ಡಿನಲ್ ಮೆದಿಚಿಯೊಂದಿಗೆ ಹತ್ತು, ಪೋಪನ ತಮ್ಮ ಜೂಲಿಯಾನೊ ಮೆದಿಚಿಯೊಂದಿಗೆ ಆರು. ಅಲ್ಲಿ ಆಗದಿದ್ದರೆ ಕಾರ್ಯದರ್ಶಿ ಪಿಯೆರೊ ಆರ್ದಿಂಗೆಲ್ಲಿಯೊಂದಿಗೆ ಮಾತು, ಆಮೇಲೆ ಅಲ್ಲಿ ಸಿಕ್ಕ ರಾಯಭಾರಿಗಳೊಂದಿಗೆ. ಫ್ಲಾರೆನ್ಸಿನ ಹತ್ತು ಜನರ ಸಮಿತಿಗೆ ನಾಲ್ಕು ದಿನಕ್ಕೊಂದು ವರದಿ ಬರೆಯಬೇಕು; ಅದರಲ್ಲಿರುವುದು ಹಳಸಿದ ಸುದ್ದಿ. ಒಂಬತ್ತು ಸೇವಕರು, ಏಳು ಕುದುರೆ. ಸಂಬಳವೆಲ್ಲ ಅದಕ್ಕೇ ಸರಿ. ಊಟವಾದ ಮೇಲೆ ಆಟಕ್ಕೆ ಜೊತೆಯಿಲ್ಲದೆ ತೋಟದಲ್ಲಿ ಅಡ್ಡಾಡುತ್ತಾನೆ. ರಾತ್ರಿ ಲಿವಿ, ಟ್ಯಾಸಿಟಸ್ ಮೊದಲಾದ ರೋಮನ್ ಇತಿಹಾಸಕಾರರ ಓದು. ಸರ್ಕಾರಿ ವರದಿಗಳಲ್ಲಿ ಈ ದಣಿವಿಗೆ ಜಾಗವಿಲ್ಲ. ಅಂದಿನ ರಾಯಭಾರಿ ದಿನವಿಡೀ ನಿಜಕ್ಕೂ ಏನು ಮಾಡುತ್ತಿದ್ದ ಎಂದು ತಿಳಿಯಲು ಖಾಸಗಿ ಪತ್ರಕ್ಕೇ ಬರಬೇಕು.

ಮ್ಯಾಕಿಯವೆಲ್ಲಿಯ ಉತ್ತರ ಈ ದಿನಚರಿಯ ಒಂದೊಂದು ಗಳಿಗೆಗೂ ಎದುರಾಗಿ ಇನ್ನೊಂದನ್ನು ಇಡುತ್ತದೆ. ಅಲ್ಲಿ ಮಾತಿನ ಲೆಕ್ಕ, ಸಾಂತ್ ಆಂದ್ರೆಯಾ ಇನ್ ಪೆರ್ಕುಸ್ಸಿನಾ ಹಳ್ಳಿಯಲ್ಲಿ ಹಿಡಿದ ಹಕ್ಕಿಗಳ ಲೆಕ್ಕ: ಕಡಿಮೆಯೆಂದರೆ ಎರಡು, ಹೆಚ್ಚೆಂದರೆ ಆರು. ಅಲ್ಲಿ ವಿದೇಶಿ ರಾಯಭಾರಿಗಳು, ಇಲ್ಲಿ ಸೌದೆ ವ್ಯಾಪಾರಿಗಳ ತಕರಾರು ಮತ್ತು ದಾರಿಹೋಕರಿಂದ ಕೇಳಿದ ಊರೂರ ಸುದ್ದಿ. ರಾಯಭಾರಿಗೆ ಆಟದ ಜೊತೆಯಿಲ್ಲ. ಇವನಿಗೆ ಛತ್ರದ ಯಜಮಾನ, ಕಟುಕ, ಗಿರಣಿಯವ, ಇಟ್ಟಿಗೆ ಸುಡುವ ಇಬ್ಬರು ಜೊತೆಗಿದ್ದಾರೆ, ಒಂದು ಕಾಸಿಗೂ ಊರಿಗೆ ಕೇಳುವಂಥ ಜಗಳ. ರಾತ್ರಿಯಾದಾಗ ಅವನು ಕೆಸರಿನ ಬಟ್ಟೆ ಕಳಚಿ, ಆಸ್ಥಾನಕ್ಕೆ ತಕ್ಕ ಉಡುಪು ತೊಟ್ಟು ಪ್ರಾಚೀನರ ಗ್ರಂಥಗಳ ಮುಂದೆ ಕೂರುತ್ತಾನೆ. ಆಸ್ಥಾನದ ಬಾಗಿಲು ತೆರೆದಿರುವ ವೆತ್ತೋರಿಗೆ ಪೋಪನೊಂದಿಗೆ ಇಪ್ಪತ್ತು ಮಾತು. ಬಾಗಿಲು ಮುಚ್ಚಿದ ಮ್ಯಾಕಿಯವೆಲ್ಲಿಗೆ ಪ್ರಾಚೀನರೊಂದಿಗೆ ನಾಲ್ಕು ತಾಸು. ಈ ಉಡುಪನ್ನು ಬರೀ ವಿದ್ವತ್ತಿನ ಸಂಕೇತವೆಂದು ಓದಿದರೆ ಅದರೊಳಗಿನ ನೋವು ತಪ್ಪಿಹೋಗುತ್ತದೆ.

ಅದೇ ಪತ್ರದ ಕೊನೆಯ ಭಾಗ ಪೂರ್ತಿ ವ್ಯವಹಾರದ್ದು. ಕೃತಿಯನ್ನು ಜೂಲಿಯಾನೊಗೆ ಒಪ್ಪಿಸಬೇಕೇ ಬೇಡವೇ? ಕಳಿಸಿದರೆ ಅವನು ಓದದೆ ಬಿಟ್ಟಾನು, ಶ್ರಮದ ಹೆಸರನ್ನು ಆರ್ದಿಂಗೆಲ್ಲಿ ಹೊಡೆದುಕೊಂಡಾನು ಎಂಬ ಆತಂಕ. ರೋಮ್‌ಗೆ ಬಂದರೆ ಅಲ್ಲಿರುವ ಸೊದೆರಿನಿ ಮನೆಯವರನ್ನು, ಅಂದರೆ ಮೆದಿಚಿಗಳ ಹಳೆಯ ಎದುರಾಳಿಗಳನ್ನು, ಕಾಣದಿರಲಾಗದು. ಕಂಡರೆ ಊರಿಗೆ ಮರಳಿದಾಗ ಮನೆಯ ಬದಲು ಸೆರೆಮನೆಯ ಮುಂದೆ ಕುದುರೆಯಿಂದ ಇಳಿಯಬೇಕಾದೀತೆಂಬ ಭಯ.

ಗೆಳೆಯರ ಹರಟೆ ಮತ್ತು ಕಚೇರಿಯ ಕಾಗದದ ನಡುವಿನ ಗೆರೆ ಎಷ್ಟು ತೆಳುವಾಗಿತ್ತೆಂಬುದು ಮರುವರ್ಷ ಗೊತ್ತಾಗುತ್ತದೆ. ಮಿಲಾನಿಗಾಗಿ ಯುದ್ಧವಾದರೆ ಪೋಪ್ ಯಾರ ಪಕ್ಷ ವಹಿಸಬೇಕೆಂದು 1514ರ ಡಿಸೆಂಬರಿನಲ್ಲಿ ವೆತ್ತೋರಿ ಕೇಳಿದ. ತಟಸ್ಥವಾಗಿರಬೇಡಿ, ಫ್ರಾನ್ಸಿನ ಜೊತೆ ನಿಲ್ಲಿ ಎಂದು ಮ್ಯಾಕಿಯವೆಲ್ಲಿ ದೀರ್ಘ ಉತ್ತರ ಬರೆದ. ಪೋಪ್ ಮತ್ತು ಕಾರ್ಡಿನಲ್‌ಗಳು ಅದನ್ನು ನೋಡಿ ಮೆಚ್ಚಿದರೆಂದು ವೆತ್ತೋರಿ ತಿಳಿಸಿದ. ಕೆಲಸ ಮಾತ್ರ ಸಿಗಲಿಲ್ಲ. 1515ರ ಫೆಬ್ರವರಿಯಲ್ಲಿ, ಮ್ಯಾಕಿಯವೆಲ್ಲಿಯ ಸಹವಾಸ ಬೇಡವೆಂದು ಕಾರ್ಡಿನಲ್ ಮೆದಿಚಿಯ ಪರವಾಗಿ ಜೂಲಿಯಾನೊಗೆ ಪತ್ರ ಹೋಯಿತು. ಬರೆದವನು ಆರ್ದಿಂಗೆಲ್ಲಿ.